ಹದಿಮೂರನೆಯ ಜೋಡಿ

೮ ಜೂನ್ ೧೯೫೮, ಭಾನುವಾರ. ವಾಮದಪದವು

ಮದುವೆಗೆ ಮಿಸ್ ಪಿಂಟೊ ಕೊಟ್ಟ ಪುಸ್ತಕ ಇದು. ನೀಲಿ ರಟ್ಟು, ಅಂಚಿಗೆಲ್ಲ ಬಂಗಾರದ ಬಣ್ಣ! ಇಂಗ್ಲಿಷಿನಲ್ಲೇ ಬರೆಯಬೇಕೆಂದಿದ್ದೆ. ಆದರೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರೆ ಸಾಕು, ಮಂಗಳೂರಿನ ಕಾನ್ವೆಂಟಿನ ಬೆಂಚಿನಲ್ಲಿ ಕುಳಿತ ಹಾಗೆ, ಮಿಸ್ ಪಿಂಟೊ ಹಿಂದೆ ನಿಂತು ಕೆಂಪು ಶಾಯಿಯಲ್ಲಿ ತಿದ್ದುತ್ತಿರುವ ಹಾಗೆ ಅನಿಸುತ್ತದೆ. ನನ್ನವರು ಕನ್ನಡ ಮಾಸ್ಟ್ರು. ಹಾಗಾಗಿ ನಾನೂ ಕನ್ನಡದಲ್ಲೇ ಬರೆಯುತ್ತೇನೆ. ನನ್ನವರು! ಬರೆದು ನೋಡಿದರೆ ಇನ್ನೂ ಚಂದ. ಮದುವೆಯಾಗಿ ಇವತ್ತಿಗೆ ಇಪ್ಪತ್ತೆಂಟು ದಿನ.

ಸಂಜೆ ಶಾಲೆಯ ಹೆಡ್ಮಾಸ್ಟ್ರು ಶಿವಸುಬ್ರಹ್ಮಣ್ಯ ಅವರು ಮನೆಗೆ ಬಂದಿದ್ದರು. ವಿಷಯ ಸ್ಕೌಟಿನದು. ನನ್ನವರು ಅಲ್ಲಿಯ ಸ್ಕೌಟ್ ಮಾಸ್ಟ್ರು ಕೂಡ. ಕಳೆದ ವರ್ಷ ಹುಡುಗರನ್ನು ಬೆಳ್ತಂಗಡಿಯಾಚೆಯ ಗಡಾಯಿಕಲ್ಲು ಎಂಬ ಬಂಡೆಬೆಟ್ಟಕ್ಕೆ ಹತ್ತಿಸಿದ್ದರಂತೆ. ಇಳಿಯುವಾಗ ಚಿನ್ನಯ್ಯ ಎಂಬ ಹುಡುಗನ ಅಂಗಾಲು ಕಲ್ಲಿಗೆ ಸೀಳಿ, ಕೀವು ತುಂಬಿ, ಎರಡು ತಿಂಗಳು ಮಲಗಿದನಂತೆ. ಅವನ ಅಪ್ಪ ಧರ್ಣಪ್ಪ ಈಗಲೂ ಸಿಕ್ಕಿದವರಿಗೆಲ್ಲ ಅದನ್ನೇ ಹೇಳುತ್ತಾರೆ.

“ನೋಡಿ ನಿತ್ಯಾನಂದ,” ಹೆಡ್ಮಾಸ್ಟ್ರು ಹೇಳಿದರು, “ಬರಿಗಾಲಲ್ಲಿ ಒಬ್ಬನೂ ಹೋಗ್ಲಿಕ್ಕಿಲ್ಲ. ಹನ್ನೆರಡು ಹುಡುಗರ ಕಾಲಿಗೂ ಶೂ ಬೇಕು. ನವೆಂಬರ್ ಮುಗಿಯುವ ಒಳಗೆ ನಾನೇ ಕಣ್ಣಾರೆ ನೋಡ್ತೇನೆ. ಇಲ್ಲದಿದ್ರೆ ಗಡಾಯಿಕಲ್ಲೂ ಇಲ್ಲ, ಸ್ಕೌಟೂ ಇಲ್ಲ. ಆ ಡ್ರಮ್ಮು, ಬಾವುಟ ಎಲ್ಲ ಕಪಾಟಿಗೆ ಹಾಕಿ ಬೀಗ.”

ಇವರು ನೆಲ ನೋಡುತ್ತ ಕುಳಿತಿದ್ದರು. ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಬಾಗಿಲ ಹಿಂದಿನಿಂದಲೇ ಕೂಗಿಬಿಟ್ಟೆ: “ಶೂ ನಾನು ಆರಿಸ್ತೇನೆ! ನಾನು ಐದು ವರ್ಷ ಗೈಡ್ ಆಗಿದ್ದೆ!”

ಹೆಡ್ಮಾಸ್ಟ್ರ ಲೋಟದಿಂದ ಕಾಫಿ ಪಂಚೆಗೆ ಚೆಲ್ಲಿತು. ಒಳಗೆ ಮಾಮಿ, ಎಂದರೆ ನನ್ನ ಅತ್ತೆ, ದೊಡ್ಡದಾಗಿ ಕೆಮ್ಮಿದರು. ಅದು ಸೊಸೆಗೆ ಎಚ್ಚರಿಕೆಯ ಕೆಮ್ಮು ಎಂದು ನನಗೆ ಗೊತ್ತಾಗಿದ್ದು ಆಮೇಲೆ.

ಆದರೆ ಯಾರಿಗೆ ಗೊತ್ತು ಶೂವಿನ ವಿಷಯ ನನ್ನಷ್ಟು? ನಮ್ಮ ಗೈಡ್ ಕಂಪೆನಿಯ ಕ್ಯಾಂಪು ನೆನಪಾದರೆ ಈಗಲೂ ಎದೆ ತುಂಬುತ್ತದೆ. ಬೆಳಿಗ್ಗೆ ಇಪ್ಪತ್ತನಾಲ್ಕು ಹುಡುಗಿಯರ ನಲವತ್ತೆಂಟು ಬಿಳಿ ಕ್ಯಾನ್ವಾಸ್ ಶೂಗಳು, ಸೀಮೆಸುಣ್ಣ ಹಚ್ಚಿ, ಒಂದೇ ಸಾಲಿನಲ್ಲಿ ಬಿಸಿಲಿಗೆ! ದೂರದಿಂದ ಕೊಕ್ಕರೆಗಳು ಕೂತ ಹಾಗೆ. ಇವರ ಹುಡುಗರಿಗೂ ಅಂಥದ್ದೇ ತರುತ್ತೇನೆ.

೨೯ ಜೂನ್, ಭಾನುವಾರ

ಬೆಳಿಗ್ಗೆ ಇಡೀ ಕುಳಿತು ಹೈಕಿಗೆ ಬೇಕಾದ ಸಾಮಾನಿನ ಪಟ್ಟಿ ಮಾಡಿದೆ. ಬೆನ್ನಚೀಲ, ನೀರಿನ ಬಾಟಲಿ, ದಿಕ್ಸೂಚಿ, ಸೀಟಿ, ಮಡಚುವ ಚಾಕು, ಟಿನ್ನಿನ ತಟ್ಟೆ, ರಬ್ಬರಿನ ಹಾಸು, ಶೂ. ನಮ್ಮ ಕಂಪೆನಿಯಲ್ಲಿ ಇದ್ದದ್ದೆಲ್ಲ. ಇವರು ಪೆನ್ಸಿಲು ಹಿಡಿದು ಒಂದೊಂದನ್ನೇ ಓದಿದರು.

“ದಿಕ್ಸೂಚಿ ಯಾಕೆ?”

“ದಾರಿ ತಪ್ಪಿದ್ರೆ?”

“ಗಡಾಯಿಕಲ್ಲು ಹತ್ತು ಮೈಲಿಯಿಂದ ಕಾಣ್ತದೆ ಮಾರಾಯ್ತಿ. ಅದನ್ನೇ ನೋಡಿಕೊಂಡು ನಡೆದ್ರೆ ಆಯ್ತು.”

“ಬೆನ್ನಚೀಲವಾದ್ರೂ?”

“ಗೋಣಿಗೆ ಎರಡು ಹಗ್ಗ ಕಟ್ಟುವ.”

“ತಟ್ಟೆ?”

“ಬಾಳೆಎಲೆ.”

“ನೀರಿನ ಬಾಟಲಿ?”

“ಧರ್ಣಪ್ಪಣ್ಣನಲ್ಲಿ ಔಷಧಿಯ ಖಾಲಿ ಬಾಟಲಿ ಬೇಕಾದಷ್ಟು ಉಂಟು. ಮಗನ ಕಾಲಿಂದು.” ನಗೆಯ ಮಾತೇ, ಆದರೆ ಹೇಳಿ ಮುಗಿಸುವಾಗ ಇವರ ಮುಖದಲ್ಲಿ ನಗೆ ಇರಲಿಲ್ಲ.

ಕೊನೆಗೆ ಹೊಡೆದುಹಾಕದೆ ಉಳಿದದ್ದು ಶೂ ಒಂದೇ. ಅದರ ಕೆಳಗೆ ಎರಡು ಗೆರೆ ಎಳೆದರು. ದುಡ್ಡು ಮದುವೆಯ ಉಡುಗೊರೆಯದ್ದು ಎಂದು ನಾನು ಹಠ ಹಿಡಿದು ಒಪ್ಪಿಸಿದೆ. ಮಂಗಳೂರಿನಿಂದ ಅಣ್ಣ ತಂದುಕೊಡುತ್ತಾನೆ. ಹುಡುಗರ ಕಾಲಿನ ಅಳತೆ ಮಾತ್ರ ಸರಿಯಾಗಿ ಸಿಗಬೇಕು.

೧೭ ಜುಲೈ, ಗುರುವಾರ. ಬಂಟ್ವಾಳ

ಆಟಿ ತಿಂಗಳು ಹಿಡಿಯಿತು. ಹೊಸದಾಗಿ ಮದುವೆಯಾದವಳು ಈ ತಿಂಗಳು ಪೂರ್ತಿ ತಾಯಿಮನೆಯಲ್ಲಿ ಇರಬೇಕು, ಗಂಡ ಈ ಕಡೆ ತಲೆ ಹಾಕಬಾರದು. ಯಾರು ಮಾಡಿದ್ದೋ ಈ ಕ್ರಮ! ಮೂವತ್ತೊಂದು ದಿನ!

ಬಸ್ಸು ಹತ್ತಿಸುವಾಗ ಇವರು ಹೇಳಿದ್ದು ಇಷ್ಟೇ: “ಅಳತೆ ಕಳಿಸ್ತೇನೆ.” ಬೇರೆ ಗಂಡಸರು ಇನ್ನೇನಾದರೂ ಹೇಳುತ್ತಿದ್ದರು ಎಂದು ನನಗೆ ಅನುಮಾನ.

ಆದರೆ ಮನೆಗೆ ಬಂದದ್ದು ಎಷ್ಟು ಹಿತ! ಅದೇ ಚಾವಡಿ, ಅದೇ ನೇತ್ರಾವತಿಯ ಸದ್ದು. ನನ್ನ ಟ್ರಂಕಿನಲ್ಲಿ ಗೈಡಿನ ಶೂ ಹಾಗೇ ಬೆಳ್ಳಗೆ ಕೂತಿತ್ತು. ಹಾಕಿಕೊಂಡು ಚಾವಡಿ ತುಂಬ ನಡೆದೆ. ತಂಗಿ ವಿನೋದಾ ಬಿದ್ದು ಬಿದ್ದು ನಕ್ಕಳು. “ಗಂಡನ ಮನೆಗೆ ಹೋದವಳು ಬುದ್ಧಿ ಬಿಟ್ಟು ಬಂದಿದ್ದಾಳೆ ಅಮ್ಮಾ!”

೨೬ ಜುಲೈ, ಶನಿವಾರ

ಕಾಗದ ಬಂತು!! ಬಸ್ಸಿನ ಕಂಡಕ್ಟರು ಕಾಗದವನ್ನೂ ಒಂದು ಕಟ್ಟನ್ನೂ ಚಾವಡಿಗೇ ತಂದುಕೊಟ್ಟ.

ಕಟ್ಟಿನಲ್ಲಿ ಏನು ಗೊತ್ತೇ? ಅಡಿಕೆ ಮರದಿಂದ ಬಿದ್ದ ಹಸಿ ಹಾಳೆಯಲ್ಲಿ ಕತ್ತರಿಸಿದ ಪಾದಗಳು! ಮಳೆಗಾಲದ ಒದ್ದೆ ಕಾಲು ಇಟ್ಟರೆ ಕಾಗದವೆಲ್ಲ ಹರಿದು ಹೋಗುತ್ತದಂತೆ. ಅದಕ್ಕೆ ಹುಡುಗರನ್ನು ಒಬ್ಬೊಬ್ಬರಾಗಿ ಹಾಳೆಯ ಮೇಲೆ ನಿಲ್ಲಿಸಿ, ಸುತ್ತ ಕತ್ತಿಯಲ್ಲಿ ಕೊಯ್ದಿದ್ದಾರೆ. ಒಂದೊಂದರ ಮೇಲೂ ನೀಲಿ ಪೆನ್ಸಿಲಿನಲ್ಲಿ ಹೆಸರು. ನನ್ನವರ ತಲೆಯೇ ತಲೆ!

ಕಾಗದ ಮೂರು ಪುಟ. ಮೊದಲೆರಡನ್ನು ಏಳು ಸಲ ಓದಿದೆ. ಬಾವಿಯ ನೀರು ಮೇಲೆ ಬಂದಿದೆ, ಬೆಕ್ಕು ನನ್ನ ಚಾಪೆಯ ಮೇಲೆಯೇ ಮಲಗುತ್ತದೆ ಎಂದೆಲ್ಲ ಬರೆದು, ಎರಡನೆಯ ಪುಟದ ಕೊನೆಗೆ “ಮನೆ ಸ್ವಲ್ಪ ದೊಡ್ಡದಾದ ಹಾಗೆ ಕಾಣುತ್ತದೆ” ಎಂದು ಒಂದೇ ಸಾಲು. ಆ ಸಾಲಿಗೇ ನಾನು ಐದು ಸಲ ಅತ್ತೆ. ಮೂರನೆಯ ಪುಟ ಶಾಲೆಯ ನೋಟೀಸಿನ ಹಾಗೆ. ‘ಶೂ ಖರೀದಿಯ ಬಗ್ಗೆ’ ಎಂದು ತಲೆಬರಹ, ಒಂದು, ಎರಡು ಎಂದು ಅಂಕಿ ಹಾಕಿದ ಸೂಚನೆಗಳು. ಮಾಸ್ಟ್ರ ಬುದ್ಧಿ! ಗೈಡಿಗೆ ಸೂಚನೆ ಬೇಕೇ? ಅದನ್ನು ಮಡಚಿ ಟ್ರಂಕಿಗೆ ಹಾಕಿ, ಉಳಿದೆರಡನ್ನು ದಿಂಬಿನ ಕೆಳಗಿಟ್ಟೆ.

ಈ ಮಳೆಗೆ ಪಾದಗಳಿಗೆ ಬೂಸು ಹಿಡಿಯಬಾರದಲ್ಲ? ಎಲ್ಲವನ್ನೂ ಹಗ್ಗಕ್ಕೆ ಪೋಣಿಸಿ ಬಚ್ಚಲೊಲೆಯ ಮೇಲೆ ಹೊಗೆಗೆ ಕಟ್ಟಿದೆ. ಯಾರಿಗೂ ಹೇಳಲಿಲ್ಲ. ವಿನೋದಾ ನೋಡಿದರೆ ಮತ್ತೆ ಹಲ್ಲು ಕಿಸಿಯುತ್ತಾಳೆ.

೩ ಆಗಸ್ಟ್

ಮಳೆ. ಅಮ್ಮ ಹಲಸಿನಬೀಜ ಹುರಿದಳು. ಬೆಕ್ಕು ಈಗ ಯಾರ ಚಾಪೆಯಲ್ಲಿ ಮಲಗಿದೆಯೋ.

೧೦ ಆಗಸ್ಟ್, ಭಾನುವಾರ

ಅಣ್ಣ ನಾಳೆ ಮಂಗಳೂರಿಗೆ ಹೊರಟಿದ್ದಾನೆ. ಬಚ್ಚಲಿನಿಂದ ಪಾದಗಳನ್ನು ಇಳಿಸಿದೆ. ಒಂದಕ್ಕೂ ಬೂಸಿಲ್ಲ! ಚೆನ್ನಾಗಿ ಒಣಗಿ, ಅಂಚು ಸ್ವಲ್ಪ ಮೇಲೆದ್ದು, ಪುಟ್ಟ ದೋಣಿಗಳ ಹಾಗೆ ಎಷ್ಟು ಮುದ್ದು! ಒಂದೊಂದನ್ನೇ ರಟ್ಟಿನ ಮೇಲಿಟ್ಟು ಸುತ್ತ ಗೆರೆ ಎಳೆದು, ಕತ್ತರಿಸಿ, ಹೆಸರು ಬರೆದೆ. ಪಾಪ, ಎಂಥ ಸಣ್ಣ ಕಾಲಿನ ಮಕ್ಕಳು!

ಎಣಿಸಿದರೆ ಹದಿಮೂರು ಪಾದ. ಹುಡುಗರು ಹನ್ನೆರಡಲ್ಲವೇ? ಹದಿಮೂರನೆಯದಕ್ಕೆ ಹೆಸರಿಲ್ಲ. ಹೊಸ ಹುಡುಗ ಯಾರೋ ಸೇರಿರಬೇಕು. ಅವನಿಗೂ ಇರಲಿ.

೧೬ ಆಗಸ್ಟ್, ಶನಿವಾರ

ಹದಿಮೂರು ಜೋಡಿ! ಬೆಳ್ಳಗೆ, ರಬ್ಬರಿನ ವಾಸನೆ! ಚಾವಡಿಯಲ್ಲಿ ಸಾಲಾಗಿ ಇಟ್ಟು ನೋಡಿದೆ. ಮಿಸ್ ಪಿಂಟೊ ಕಲಿಸಿದ ಹಾಗೆ ಪ್ರತಿ ಶೂವಿನ ಒಳಗೂ ಅಳಿಸದ ಕಪ್ಪು ಶಾಯಿಯಲ್ಲಿ ಹೆಸರು ಬರೆದೆ. ಹೊಸ ಹುಡುಗನದು ಖಾಲಿ. ಇವತ್ತಿಗೆ ಆಟಿ ಮುಗಿಯಿತು, ನಾಳೆ ಹೊರಡುವುದು. ನಾಳೆ!

೧೮ ಆಗಸ್ಟ್, ಸೋಮವಾರ. ವಾಮದಪದವು

ಒಬ್ಬನ ಕಾಲಿಗೂ ಹಿಡಿಸಲಿಲ್ಲ.

೧೯ ಆಗಸ್ಟ್, ಮಂಗಳವಾರ

ನಿನ್ನೆ ಹೆಚ್ಚು ಬರೆಯಲು ಕೈ ಬರಲಿಲ್ಲ. ಶಾಲೆ ಬಿಟ್ಟ ಮೇಲೆ ಹುಡುಗರು ಹನ್ನೆರಡೂ ಮಂದಿ ನಮ್ಮ ಜಗಲಿಗೆ ಬಂದರು. ಬಾವಿಕಟ್ಟೆಯಲ್ಲಿ ಕಾಲು ತೊಳೆದು, ಮದುವೆ ಊಟಕ್ಕೆ ಕೂತ ಹಾಗೆ ಸಾಲಾಗಿ ಕುಳಿತರು. ಒಬ್ಬನ ಕಾಲೂ ಒಳಗೆ ಹೋಗಲಿಲ್ಲ. ಹಿಮ್ಮಡಿ ಹೋದರೆ ಬೆರಳು ಹೊರಗೆ, ಬೆರಳು ಹೋದರೆ ಹಿಮ್ಮಡಿ ಹೊರಗೆ. ತುಕ್ರಪ್ಪ ಎಂಬವನು ಇಡೀ ಬಲ ಹಾಕಿ ತುರುಕಿ, “ಹೋಯ್ತು ಅಕ್ಕಾ, ಹೋಯ್ತು!” ಎಂದು ಎದ್ದು ನಿಂತ. ಕಣ್ಣಲ್ಲಿ ನೀರು ಬರುತ್ತಿತ್ತು ಅವನಿಗೆ. ನನ್ನನ್ನು ಸಮಾಧಾನ ಮಾಡಲಿಕ್ಕೆ ಹಾಗೆ ಹೇಳಿದ್ದು.

ಮಾಮಿ ಬಂದು ನನ್ನ ಕೈಯ ಒಣ ಪಾದವನ್ನು ತೆಗೆದುಕೊಂಡು ನೋಡಿದರು.

“ಇದನ್ನು ಎಲ್ಲಿ ಇಟ್ಟಿದ್ದೆ ಮಗಾ?”

“ಬಚ್ಚಲೊಲೆಯ ಮೇಲೆ.”

“ದೇವರೇ! ಹಸಿ ಹಾಳೆ, ಅದೂ ಅಡ್ಡಕ್ಕೆ ಕೊಯ್ದದ್ದು! ಹೊಗೆಗೆ ಹಾಕಿದ್ರೆ ಬತ್ತದೆ ಇರ್ತದಾ? ನಿನ್ನ ಕಾನ್ವೆಂಟಿನಲ್ಲಿ ಇದನ್ನು ಹೇಳಿಕೊಡ್ಲಿಲ್ವಾ?”

ಹುಡುಗರು ನಕ್ಕರು. ಇವರು ನಗಲಿಲ್ಲ. ಬೈಯಲೂ ಇಲ್ಲ. ಶೂಗಳನ್ನು ಒಂದೊಂದಾಗಿ ಗೋಣಿಗೆ ತುಂಬಿಸಿ, “ವಾಪಸು ಕೊಡುವ ಹಾಗೂ ಇಲ್ಲ, ಹೆಸರು ಬರೆದಾಗಿದೆ,” ಎಂದರು. ಅಷ್ಟೇ. ಎಲ್ಲರೂ ಹೋದ ಮೇಲೆ ಜಗಲಿಯಲ್ಲಿ ಬಾವುಟದ ಕೋಲು ಹಿಡಿದು ಕುಳಿತಿದ್ದರು. ಹನ್ನೊಂದು ವರ್ಷದಿಂದ ನಡೆಸಿದ ಸ್ಕೌಟು. ಅದು ನನ್ನಿಂದ ಮುಗಿಯುತ್ತದೆ.

ಇವತ್ತು ತಾಯಿಮನೆಯಿಂದ ತಂದ ಟ್ರಂಕು ತೆಗೆದು ಮೂರನೆಯ ಪುಟ ಓದಿದೆ. ಹಾಗೇ ಇಳಿಸಿ ಬರೆಯುತ್ತೇನೆ. ನನಗೆ ಇದೇ ಶಿಕ್ಷೆ.

ಶೂ ಖರೀದಿಯ ಬಗ್ಗೆ.
೧. ಹಾಳೆ ಒಣಗಿದರೆ ಕುಗ್ಗುತ್ತದೆ. ಕಟ್ಟು ತಲುಪಿದ ದಿನವೇ ಅಳತೆಯನ್ನು ಕಾಗದಕ್ಕೆ ಇಳಿಸತಕ್ಕದ್ದು.
೨. ಹುಡುಗರ ಬೆರಳು ಅಗಲ. ಅರ್ಧ ಇಂಚು ದೊಡ್ಡದೇ ಇರಲಿ.
೩. ಶೂವಿನ ಬಣ್ಣ ನಿನ್ನ ಇಷ್ಟ.
೪. ಹೆಸರಿಲ್ಲದ ಪಾದ ನಿನ್ನದು. ನೀನು ಹೊರಟ ಬೆಳಿಗ್ಗೆ ಬಾವಿಕಟ್ಟೆಯ ಕೆಸರಿನಲ್ಲಿ ನಿನ್ನ ಹೆಜ್ಜೆಗುರುತು ಉಳಿದಿತ್ತು. ಅದನ್ನು ನೋಡಿ ಕೊಯ್ದದ್ದು. ಗಡಾಯಿಕಲ್ಲಿಗೆ ನೀನೂ ಬರಬೇಕೆಂದು ನನ್ನ ಆಸೆ.

೨೦ ಆಗಸ್ಟ್

ಹದಿಮೂರನೆಯ ಜೋಡಿಯನ್ನು ಹಾಕಿ ನೋಡಿದೆ. ನನಗೂ ಹಿಡಿಸುವುದಿಲ್ಲ.

೨೮ ಸೆಪ್ಟೆಂಬರ್, ಭಾನುವಾರ

ಎಷ್ಟು ದಿನವಾಯಿತು ಇದನ್ನು ಮುಟ್ಟದೆ! ಭತ್ತ ಕುಟ್ಟುವುದು, ಮಾಮಿಯ ಮಂಡಿನೋವು, ಬೆಕ್ಕಿನ ಮರಿಗಳು.

ಇವರು ನಿನ್ನೆ ಒಂದು ಶೂ ಚೀಲಕ್ಕೆ ಹಾಕಿಕೊಂಡು ಮೂಡುಬಿದಿರೆಗೆ ಹೋಗಿದ್ದರು. ಅಲ್ಲಿ ಬಸ್ಸು ನಿಲ್ಲುವಲ್ಲಿ ಮಾಯಿಲಪ್ಪ ಎಂಬವರು ಹಳೆಯ ಟಯರು ಕೊಯ್ದು ಚಪ್ಪಲಿ ಮಾಡುತ್ತಾರೆ. ಶೂವನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದರಂತೆ: “ಮುಂದೆ ಬಾಯಿ ಬಿಡಿಸುವ, ಹಿಂದೆಯೂ ಬಿಡಿಸುವ. ಅಡಿಭಾಗಕ್ಕೆ ಉದ್ದದ ಟಯರು ಹೊಲಿದು ಕೊಡ್ತೇನೆ. ಬೆರಳು ಟಯರಿನ ಮೇಲೆ ಕೂತುಕೊಳ್ತದೆ. ಆದ್ರೆ ಮಾಸ್ಟ್ರೆ, ಅಳತೆ ಎಂತದ್ದೂ ತರಬೇಡಿ. ಕಾಲು ತನ್ನಿ.”

ಬಾಯಿ ಬಿಡಿಸುವುದು! ಆ ಬಿಳಿ ಶೂಗಳಿಗೆ ಕತ್ತರಿ! ಆಮೇಲೆ ನಾನೇ ಕತ್ತರಿ ಹುಡುಕಿ ಚೀಲಕ್ಕೆ ಹಾಕಿದೆ.

೧೨ ಅಕ್ಟೋಬರ್, ಭಾನುವಾರ

ಕಾಲು ನೋಯುತ್ತಿದೆ, ಆದರೂ ಬರೆಯದೆ ಮಲಗಲಾರೆ. ಇಪ್ಪತ್ತನಾಲ್ಕು ಕಾಲುಗಳನ್ನು ಮೂಡುಬಿದಿರೆಗೆ ತಲುಪಿಸಿ ಬಂದೆವು. ನಡೆದೇ! ಹನ್ನೆರಡು ಮೈಲಿಯಾದರೂ ಇರಬಹುದು. ಬರುವಾಗ ಸಿದ್ದಕಟ್ಟೆಯವರೆಗೆ ಬಸ್ಸು.

ನಾನು ನನ್ನ ಗೈಡಿನ ಶೂ ಹಾಕಿಕೊಂಡು ಎಲ್ಲರಿಗಿಂತ ಮುಂದೆ ಹೊರಟಿದ್ದೆ. ಹಾಡು ಬೇರೆ. ಎರಡು ಮೈಲಿ ಹೋಗುವಾಗ ಹಿಮ್ಮಡಿ ಉರಿಯಿತು. ನಾಲ್ಕನೆಯ ಮೈಲಿಯಲ್ಲಿ ಗುಳ್ಳೆ ಒಡೆಯಿತು. ಬರಿಗಾಲಿನ ಹುಡುಗರು ಕೋಳಿಮರಿಗಳ ಹಾಗೆ ಮುಂದೆ ಹಿಂದೆ ಓಡುತ್ತಿದ್ದರು. ಚಿನ್ನಯ್ಯ ಮಾತ್ರ ನನ್ನ ಜೊತೆಗೇ ನಡೆದ. ಅವನ ಬಲಗಾಲು ಈಗಲೂ ಸ್ವಲ್ಪ ವಾಲುತ್ತದೆ.

“ಅಕ್ಕಾ, ಶೂ ಬಿಚ್ಚಿ. ಹುಲ್ಲಿನ ಮೇಲೆ ಕಾಲು ಇಡಿ, ಮಣ್ಣಿನ ಮೇಲೆ ಬೇಡ. ನಾನು ಹೇಳಿದಲ್ಲಿ ಇಟ್ರೆ ಸಾಕು.”

“ನಿನಗೆ ಹೇಗೆ ಗೊತ್ತು?”

“ನನಗೆ ಎರಡು ತಿಂಗಳು ಮಲಗಿ ಅದೇ ಯೋಚನೆ ಅಲ್ವಾ, ಎಲ್ಲಿ ಇಡಬೇಕಿತ್ತು ಅಂತ.”

ಶೂ ಎರಡನ್ನೂ ದಾರದಿಂದ ಕುತ್ತಿಗೆಗೆ ನೇತು ಹಾಕಿಕೊಂಡು, ಉಳಿದ ಎಂಟು ಮೈಲಿ ಅವನು ಹೇಳಿದಲ್ಲಿ ಕಾಲಿಟ್ಟೆ. ಇಬ್ಬನಿಯ ಹುಲ್ಲು ಎಷ್ಟು ತಂಪು! ಸಣ್ಣವಳಿರುವಾಗ, ಕಾನ್ವೆಂಟಿಗೆ ಸೇರುವ ಮೊದಲು, ನೇತ್ರಾವತಿ ದಡದ ಹೊಯಿಗೆಯಲ್ಲಿ ಹೀಗೇ ಓಡುತ್ತಿದ್ದೆನಲ್ಲ! ಅದು ನೆನಪಿಗೆ ಬಾರದೆ ಎಷ್ಟು ವರ್ಷವಾಗಿತ್ತು!

ಮಾಯಿಲಪ್ಪಣ್ಣ ನಮ್ಮ ದಂಡನ್ನು ನೋಡಿ ಹಣೆಗೆ ಕೈ ಹೊಡೆದುಕೊಂಡರು. “ಕಾಲು ತನ್ನಿ ಅಂದದ್ದಕ್ಕೆ ಊರನ್ನೇ ತಂದಿರಲ್ಲ ಮಾಸ್ಟ್ರೆ!” ಒಬ್ಬೊಬ್ಬನನ್ನೇ ಟಯರಿನ ಮೇಲೆ ನಿಲ್ಲಿಸಿ ಸುಣ್ಣದಲ್ಲಿ ಗೆರೆ ಎಳೆದರು. ಶೂಗಳ ಮೂತಿಯನ್ನು ನಾನೇ ಕತ್ತರಿಸಿದೆ. ಮೊದಲನೆಯದನ್ನು ಎರಡು ಸಲ ಕೆಳಗಿಟ್ಟೆ, ಆರನೆಯದು ಆಗುವಾಗ ಹಾಡು ಬರುತ್ತಿತ್ತು. ನನ್ನ ಗುಳ್ಳೆಗಳಿಗೆ ಅವರೇ ಎಣ್ಣೆ ಕೊಟ್ಟು, ಕಾಲನ್ನು ಒಂದು ಟಯರಿನ ತುಂಡಿನ ಮೇಲೆ ಇಟ್ಟುಕೊಂಡು ಕೂರಲು ಹೇಳಿದರು. ಒಳ್ಳೆಯ ಮನುಷ್ಯ.

ಹದಿಮೂರನೆಯ ಜೋಡಿಯನ್ನು ನಾನು ಒಯ್ದಿರಲಿಲ್ಲ. ಅದು ಟ್ರಂಕಿನಲ್ಲಿ, ಮೂರನೆಯ ಪುಟದ ಜೊತೆಗೆ ಇರಲಿ.

೨೯ ನವೆಂಬರ್, ಶನಿವಾರ

ಇವತ್ತು ತನಿಖೆ. ಶಾಲೆಯಂಗಳದಲ್ಲಿ ನಮ್ಮ ಹುಡುಗರು ಸಾಲಾಗಿ ನಿಂತರು. ಧರ್ಣಪ್ಪ ಕರೆಯದೆ ಬಂದು ಮಾವಿನ ಬುಡದಲ್ಲಿ ನಿಂತಿದ್ದರು, ಸೊಂಟದಲ್ಲಿ ಕತ್ತಿ. ನಾನು ಬಾವಿಯ ಹತ್ತಿರ.

ಹೆಡ್ಮಾಸ್ಟ್ರು ಕನ್ನಡಕ ಏರಿಸಿ ಬಗ್ಗಿದರು. ಹನ್ನೆರಡು ಜೋಡಿ ಶೂಗಳ ಮುಂದೆ ನೂರಿಪ್ಪತ್ತು ಬೆರಳುಗಳು ಹೊರಗೆ ಕಾಣುತ್ತಿದ್ದವು.

“ಇದು ಎಂಥದು ನಿತ್ಯಾನಂದ? ನಾನು ಶೂ ಅಂತ ಹೇಳಿದ್ದು. ಇದು ಶೂವೂ ಅಲ್ಲ, ಚಪ್ಪಲಿಯೂ ಅಲ್ಲ. ಇದನ್ನು ನಾನು ಹೇಗೆ ಒಪ್ಪುವುದು?”

ನಾನು ಕೂಗಲಿಲ್ಲ. ಕೂಗಿದರೆ ಹಾಳಾಗುತ್ತದೆ ಎಂದು ಸೆರಗು ಕಚ್ಚಿಕೊಂಡೆ.

ಆಗ ಧರ್ಣಪ್ಪ ಬಂದರು. ಯಾರ ಮುಖವನ್ನೂ ನೋಡದೆ ಮಗನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ಅವನ ಬಲಗಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಹೆಬ್ಬೆರಳಿನಿಂದ ಅಡಿ ಒತ್ತಿದರು. ಸೊಂಟದ ಕತ್ತಿ ತೆಗೆದು ಅದರ ತುದಿಯನ್ನು ಟಯರಿಗೆ ಊರಿ, ಬಲ ಹಾಕಿದರು. ಚಿನ್ನಯ್ಯ ಕಣ್ಣು ಮುಚ್ಚಿದ. ಕತ್ತಿ ಇಳಿಯಲಿಲ್ಲ.

“ತಾಗಿತಾ?” ಕೇಳಿದರು.

“ಇಲ್ಲ ಅಪ್ಪಾ.”

ಧರ್ಣಪ್ಪ ಎದ್ದು ಹೆಡ್ಮಾಸ್ಟ್ರಿಗೆ ಹೇಳಿದರು: “ಅಂಗಾಲಿಗೆ ಇದು ಆಯ್ತು. ಬೆರಳು ಹೊರಗೇ ಇರಲಿ ಸ್ವಾಮಿ. ಕಲ್ಲು ಹತ್ತುವವನಿಗೆ ಹಿಡಿಯಲಿಕ್ಕೆ ಬೆರಳು ಬೇಕಲ್ಲ? ನನ್ನ ಮಗನನ್ನು ನಾನು ಕಳಿಸ್ತೇನೆ. ಮತ್ತೆ ನೀವು ಯಾರಿಗಾಗಿ ಹೆದರುವುದು?”

ಹೆಡ್ಮಾಸ್ಟ್ರು ಕನ್ನಡಕ ಇಳಿಸಿ, ಒರೆಸಿ, ಮತ್ತೆ ಏರಿಸಿದರು. “ಆಯ್ತು ಮಾರಾಯ. ಹೋಗಿ ಬನ್ನಿ.”

ಮಿಸ್ ಪಿಂಟೊ ನೋಡಿದ್ದರೆ ಆ ಶೂಗಳನ್ನು ಕಸದ ಬುಟ್ಟಿಗೆ ಎಸೆಯುತ್ತಿದ್ದರು. ನಾನು ರಾತ್ರಿಯ ಅನ್ನಕ್ಕೆ ನೀರು ಇಡುವುದನ್ನೇ ಮರೆತು ಕೂತಿದ್ದೆನಂತೆ. ಮಾಮಿ ಕೆಮ್ಮಲಿಲ್ಲ, ತಾವೇ ಇಟ್ಟರು.

೨೧ ಡಿಸೆಂಬರ್, ಭಾನುವಾರ

ಗಡಾಯಿಕಲ್ಲಿನಿಂದ ಈಗಷ್ಟೇ ಮನೆಗೆ ಬಂದೆವು. ಎಲ್ಲಿಂದ ಶುರು ಮಾಡಲಿ!

ಹೊರಡುವ ಮುನ್ನಾದಿನ ಟ್ರಂಕು ತೆಗೆದರೆ ಹದಿಮೂರನೆಯ ಜೋಡಿಗೂ ಬಾಯಿ ಬಿಡಿಸಿ ಟಯರು ಹೊಲಿದಾಗಿತ್ತು! ಮಾಯಿಲಪ್ಪಣ್ಣ ಅವತ್ತು ಎಣ್ಣೆ ಹಚ್ಚಲು ಕೂರಿಸಿದ್ದು ಸುಮ್ಮನೆ ಅಲ್ಲ. ಇವರಿಬ್ಬರೂ ಸೇರಿ ನನ್ನ ಕಾಲಿನ ಗೆರೆ ಕದ್ದಿದ್ದಾರೆ. ಒಳಗೆ ಕಪ್ಪು ಶಾಯಿಯಲ್ಲಿ ‘ಶಶಿಪ್ರಭಾ’ ಎಂದು ಮಾಸ್ಟ್ರ ದುಂಡಗಿನ ಅಕ್ಷರ.

ಕಡಿದಾದ ಮೆಟ್ಟಿಲು, ಮೈಗೆಲ್ಲ ಬಿಸಿಲು, ಹುಡುಗರ ಬೆರಳುಗಳು ಕಲ್ಲಿನ ಸಂದುಗಳನ್ನು ಹಿಡಿದು ಬಿಡುವುದು! ಹಲ್ಲಿಗಳ ಹಾಗೆ ಹತ್ತಿದರು. ಅರ್ಧಕ್ಕೆ ಬಂದಾಗ ನನಗೂ ಬೆರಳಿನ ಕೆಲಸ ಗೊತ್ತಾಯಿತು. ತುದಿಯಲ್ಲಿ ಬಾವುಟ ಏರಿಸಿ, ಚಿನ್ನಯ್ಯ ತಲೆ ಎಣಿಸಿ ಇವರಿಗೆ ಸೆಲ್ಯೂಟ್ ಹೊಡೆದ: “ಹದಿಮೂರು ಮಂದಿಯೂ ಹಾಜರು ಸರ್! ಯಾರ ಕಾಲಿಗೂ ಗಾಯ ಇಲ್ಲ!”

ಆಗಲೇ ನಾನು ಕೆಳಗೆ ನೋಡಿದ್ದು. ಸೆಲ್ಯೂಟ್ ತೆಗೆದುಕೊಳ್ಳುತ್ತ ನಿಂತ ನನ್ನವರ ಕಾಲು ಬರಿದಾಗಿತ್ತು. ಎಡ ಹೆಬ್ಬೆರಳಿನಲ್ಲಿ ರಕ್ತ ಒಣಗಿತ್ತು. ಜೂನ್‌ನಿಂದ ಎಲ್ಲರ ಕಾಲಿನ ಅಳತೆ ಹಿಡಿದುಕೊಂಡು ತಿರುಗಿದವರು, ತಮ್ಮದೊಂದನ್ನು ಎಲ್ಲಿಯೂ ಇಡಲಿಲ್ಲ. ನಾನೂ ಕೇಳಲಿಲ್ಲ. ಪಟ್ಟಿಯ ಮೇಲೆ ಪಟ್ಟಿ ಮಾಡಿದವಳು!

ಮನೆಗೆ ಬಂದ ಕೂಡಲೇ ಜಗಲಿಯಲ್ಲಿ ಕೂರಿಸಿ ಕಾಲು ತೊಳೆದೆ.

“ಎಂಥ ಮಾಡ್ತಿ?”

“ಮಾತಾಡಬೇಡಿ. ಕಾಲು ಇಲ್ಲಿ ಇಡಿ.”

“ಇದು ನಿನ್ನ ಮಿಸ್ ಕೊಟ್ಟ ಪುಸ್ತಕ ಅಲ್ವಾ? ಕೊಳೆ ಆಗ್ತದೆ. ಅಂಗಳದಲ್ಲಿ ಹಾಳೆ ಬಿದ್ದುಂಟು, ಅದನ್ನು ತಾ.”

“ಹಾಳೆ ಒಣಗ್ತದೆ,” ಎಂದೆ.

ಪೆನ್ಸಿಲು ಬೆರಳಿನ ಸಂದಿನಲ್ಲಿ ಹೋಗುವಾಗ ಕಚಗುಳಿಯಾಗಿ ಕಾಲು ಎಳೆದರು, ಅದಕ್ಕೆ ಕಿರುಬೆರಳಿನ ಹತ್ತಿರ ಗೆರೆ ಸ್ವಲ್ಪ ವಕ್ರ. ಒಂದು ಪುಟದಲ್ಲಿ ಹಿಡಿಸಲಿಲ್ಲ. ಪುಸ್ತಕವನ್ನು ಪೂರ್ತಿ ಬಿಡಿಸಿ, ಅಡ್ಡಕ್ಕೆ ಇಟ್ಟು, ಎರಡು ಪುಟ ಬೇಕಾಯಿತು.